ಹಲ್ಲಿಯ ಕಣ್ಣಿನ ಪೊರೆ

ಮನುಷ್ಯನು ಸಾಕುವ ಪ್ರಾಣಿಗಳಲ್ಲಿ ಎರಡು ಬಗೆ ಉಂಟು. ಹಾಲು ಕೊಡುವುದು, ಮನೆ ಕಾಯುವುದು, ಇಲಿ ಹಿಡಿಯುವುದು ಹೀಗೆ ಏನಾದರೊಂದು ಉಪಯೋಗಕ್ಕೆ ಬರುವವು ಒಂದು ಬಗೆ. ಮನೆಗೆ ಬಂದವರು ನೋಡಿ ಮೆಚ್ಚಲಿ, ನಮಗೂ ಹೊತ್ತು ಹೋಗಲಿ ಎಂದು ಸಾಕುವ ಪಾರಿವಾಳ, ಮೊಲ, ಗಾಜಿನ ಪೆಟ್ಟಿಗೆಯ ಬಣ್ಣದ ಮೀನು ಮುಂತಾದವು ಇನ್ನೊಂದು ಬಗೆ. ಈ ಎರಡಕ್ಕೂ ಸೇರದ ಮೂರನೆಯ ಬಗೆಯ ಪ್ರಾಣಿಯೊಂದಿದೆ. ಅದನ್ನು ಯಾರೂ ಕರೆದು ತರುವುದಿಲ್ಲ; ಯಾರೂ ಅದಕ್ಕೆ ಅನ್ನ ಹಾಕುವುದಿಲ್ಲ; ಹೋಗೆಂದರೆ ಹೋಗುವುದೂ ಇಲ್ಲ. ನಾವು ಮನೆ ಕಟ್ಟಿ ಗೃಹಪ್ರವೇಶ ಮಾಡುವ ಮೊದಲೇ ಅದು ಪ್ರವೇಶ ಮಾಡಿ ಮುಗಿಸಿರುತ್ತದೆ. ಅದೇ ಹಲ್ಲಿ. ಇಂಥ ಹಲ್ಲಿಯೊಂದರ ಕಣ್ಣುಬೇನೆಗೆ ನಾನು ಎಂಟು ದಿನ ಶುಶ್ರೂಷೆ ಮಾಡಿದೆನೆಂದರೆ ತರಗತಿಯ ಮಿತ್ರರು ನಗುವರೆಂದು ಬಲ್ಲೆ. ನಗಲಿ. ಪೂರ್ತಿ ಓದಿದ ಮೇಲೆ ನಗಲಿ ಎಂಬುದಷ್ಟೇ ನನ್ನ ಅರಿಕೆ.

ಹಲ್ಲಿಗೆ ನಮ್ಮ ದೇಶದಲ್ಲಿ ಇರುವ ಮರ್ಯಾದೆ ವಿಚಿತ್ರವಾದದ್ದು. ಅದರ ಮಾತಿಗೆ ಬೆಲೆ ಇದೆ, ಮೈಗೆ ಇಲ್ಲ. ಯಾರೋ ಏನೋ ಹೇಳುತ್ತಿರುವಾಗ ಗೋಡೆಯಿಂದ ‘ಲೊಚ ಲೊಚ’ ಎಂದರೆ ಹೇಳಿದ ಮಾತು ಸತ್ಯವಾಯಿತೆಂದು ನಂಬುತ್ತೇವೆ. ಅದೇ ಹಲ್ಲಿ ಹಿಡಿತ ತಪ್ಪಿ ಮೈಮೇಲೆ ಬಿದ್ದರೆ ಹೌಹಾರಿ ಸ್ನಾನ ಮಾಡುತ್ತೇವೆ. ತಲೆಯ ಮೇಲೆ ಬಿದ್ದರೆ ಏನು ಫಲ, ಬಲಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗಗಳಲ್ಲಿ ಪಟ್ಟಿಯೇ ಅಚ್ಚಾಗುತ್ತದೆ. ಕಂಚಿಯ ವರದರಾಜ ದೇವಸ್ಥಾನದಲ್ಲಿ ಮೇಲ್ಛಾವಣಿಗೆ ಕೂರಿಸಿರುವ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬಂದವರಿಗೆ ಈ ದೋಷ ತಟ್ಟದೆಂಬ ನಂಬಿಕೆಯೂ ಉಂಟು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿಯಲ್ಲಿ ಬಿತ್ತೆಂಬ ಗಾದೆಯನ್ನು ಕಟ್ಟಿ ಅದನ್ನು ಹಾಸ್ಯ ಮಾಡಿದವರೂ ನಾವೇ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಹಾರುವ ಓತಿಗೆ ಕನ್ನಡ ನಾಡಿನಲ್ಲಿ ದೊಡ್ಡ ಹೆಸರು ಬಂತು. ಗೋಡೆಯ ಹಲ್ಲಿಗೆ ಮಾತ್ರ ಆ ಭಾಗ್ಯವಿಲ್ಲ. ಹಲ್ಲಿಯಲ್ಲಿ ವಿಷವಿದೆ ಎಂಬ ಮಾತು ಸಾರ್ವತ್ರಿಕವಾಗಿದೆ. ವಿಜ್ಞಾನ ಹೇಳುವುದು ಬೇರೆ. ಮನೆಯ ಹಲ್ಲಿಗೆ ವಿಷವಿಲ್ಲ. ಅದರ ಕರುಳಿನಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದಾದ್ದರಿಂದ ಅದು ಬಿದ್ದ ಆಹಾರವನ್ನು ಉಣ್ಣಬಾರದು, ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ವಿಷಯ ಇಷ್ಟೆ.

ನಮ್ಮ ಮನೆ ಭಟ್ಕಳ ತಾಲೂಕಿನ ತೆಂಗಿನಗುಂಡಿಯಲ್ಲಿ, ಬಂದರಿಗೆ ಹತ್ತಿರ. ಹೆಂಚಿನ ಮಾಡು, ಸಿಮೆಂಟು ನೆಲ, ಜಗಲಿಯಲ್ಲಿ ಸದಾ ಒಂದು ಹರಿದ ಬಲೆ. ಅಪ್ಪ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಜ್ಜಿ ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತವರು. ಅಮ್ಮ ಮೀನು ಒಣಗಿಸುವ ಕೆಲಸ ಮಾಡುತ್ತಾರೆ. ಈ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದಕಾರಣ ಮನೆಗೆ ಬರುವ ಕಾಗದ, ಔಷಧಿಯ ಚೀಟಿ, ಬ್ಯಾಂಕಿನ ಫಾರಮು ಎಲ್ಲವೂ ನನ್ನ ಮುಂದೆ ಬರುತ್ತವೆ. ಬಿ.ಎ. ಓದುವವನಿಗೆ ತಿಳಿಯದ ಸಂಗತಿ ಲೋಕದಲ್ಲಿ ಇಲ್ಲವೆಂಬುದು ಮನೆಯವರ ದೃಢವಾದ ನಂಬಿಕೆ.

ನಾನು ರಾತ್ರಿ ಓದುವ ಮೂಲೆಯಲ್ಲಿ ಒಂದು ದೀಪ, ದೀಪದ ಪಕ್ಕದಲ್ಲಿ ಒಂದು ಕ್ಯಾಲೆಂಡರು, ಕ್ಯಾಲೆಂಡರಿನ ಹಿಂದೆ ಆ ಹಲ್ಲಿ. ಹಿಂದೊಮ್ಮೆ ಬೆಕ್ಕಿನ ಬಾಯಿಗೆ ಬಾಲ ಕೊಟ್ಟು ಬದುಕಿ, ಮತ್ತೆ ಮೋಟಾಗಿ ಬೆಳೆಸಿಕೊಂಡಿದ್ದರಿಂದ ಗುರುತು ಸುಲಭವಾಗಿತ್ತು. ಮೂರು ವರ್ಷ ನಾವಿಬ್ಬರೂ ಒಂದೇ ದೀಪದ ಕೆಳಗೆ ನಮ್ಮ ನಮ್ಮ ಕೆಲಸ ಮಾಡಿಕೊಂಡು ಬಂದಿದ್ದೆವು. ಅದಕ್ಕೆ ಹುಳ, ನನಗೆ ಪಠ್ಯ. ಕಳೆದ ಜನವರಿಯ ಒಂದು ರಾತ್ರಿ ಅದರ ಬೇಟೆ ತಪ್ಪುತ್ತಿರುವುದು ಕಣ್ಣಿಗೆ ಬಿತ್ತು. ಎದುರಿಗೇ ಕುಳಿತ ಪತಂಗಕ್ಕೆ ಹಾರಿದರೆ ಬಾಯಿ ಒಂದು ಬೆರಳಿನಷ್ಟು ಆಚೆ ಹೋಗಿ ಬೀಳುತ್ತಿತ್ತು. ಮರುದಿನವೂ ಹಾಗೆಯೇ. ಮೂರನೆಯ ದಿನ ಕುರ್ಚಿ ಹತ್ತಿ ನೋಡಿದೆ. ಎಡಗಣ್ಣಿನ ಮೇಲೆ ಬಿಳಿಯ ತೆಳುವಾದ ಪದರವೊಂದು ಅಂಟಿಕೊಂಡಿತ್ತು. ಹಲ್ಲಿ ನಾಲಗೆಯನ್ನು ಚಾಚಿ ಚಾಚಿ ಅದೇ ಕಣ್ಣನ್ನು ಒರೆಸುತ್ತಿತ್ತು. ಪದರ ಕದಲುತ್ತಿರಲಿಲ್ಲ. ಪಕ್ಕೆ ಒಳಗೆ ಸೇರಿ, ಬಾಲದ ಬುಡ ಸಣ್ಣದಾಗಿತ್ತು. ಹಲ್ಲಿಗಳು ಕೊಬ್ಬನ್ನು ಕೂಡಿಡುವುದು ಬಾಲದಲ್ಲಿ. ಆ ಉಳಿತಾಯ ಮುಗಿಯುತ್ತ ಬಂದಿತ್ತೆಂದು ಅರ್ಥ.

ಹಲ್ಲಿಯ ಕಣ್ಣಿನ ರಚನೆ ತಿಳಿದವರಿಗೆ ಈ ಕಷ್ಟ ಏನೆಂದು ಬೇಗ ಹೊಳೆಯುತ್ತದೆ. ನಮ್ಮ ಗೋಡೆಯ ಹಲ್ಲಿಗೆ ನಮ್ಮಂತೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಕೈಗಡಿಯಾರದ ಮುಖಕ್ಕೆ ಗಾಜು ಕೂರಿಸಿದಂತೆ ಕಣ್ಣಿನ ಮೇಲೆ ಒಂದು ಪಾರದರ್ಶಕವಾದ ಚರ್ಮದ ಮುಚ್ಚಳ ಮಾತ್ರ ಇರುತ್ತದೆ. ಹಾವಿಗೂ ಹೀಗೆಯೇ. ರೆಪ್ಪೆ ಬಡಿಯಲಾರದ್ದರಿಂದ ಧೂಳು ಕೂತರೆ ನಾಲಗೆಯಿಂದಲೇ ನೆಕ್ಕಿ ತೆಗೆಯಬೇಕು. ಹಲ್ಲಿ ಆಗಾಗ ಪೊರೆ ಬಿಡುತ್ತದೆ. ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ಮೈಯ ಪೊರೆಯ ಜೊತೆಗೆ ಕಣ್ಣಿನ ಮುಚ್ಚಳದ ಮೇಲ್ಪದರವೂ ಬಿಡಬೇಕು. ಗಾಳಿ ಒಣಗಿದ್ದರೆ, ಮೈಯಲ್ಲಿ ನೀರು ಸಾಲದಿದ್ದರೆ, ಅಥವಾ ಎಲ್ಲೋ ತರಚಿದ್ದರೆ ಆ ಚೂರು ಬಿಡದೆ ಅಂಟಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಭಾಗ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಆದರೆ ಜನವರಿಯ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಬೀಸುವ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಪರದೇಶಗಳಲ್ಲಿ ಮನೆಯೊಳಗೆ ಸಾಕುವ ಚಿರತೆಹಲ್ಲಿ ಎಂಬ ಜಾತಿಗೆ ರೆಪ್ಪೆಗಳಿವೆ. ಆದರೂ ಪೊರೆ ಸಿಕ್ಕಿಕೊಂಡು, ಅಥವಾ ಆಹಾರದಲ್ಲಿ ಎ ಜೀವಸತ್ವ ಸಾಲದೆ, ಅವುಗಳ ಕಣ್ಣು ಕೆಡುವುದುಂಟು. ಅಲ್ಲಿ ಅದಕ್ಕೆಂದೇ ವೈದ್ಯರಿದ್ದಾರೆ.

ಇಷ್ಟು ಸಣ್ಣ ಪ್ರಾಣಿಗೆ ಒಂದು ಕಣ್ಣು ಹೋದರೇನೆಂದು ಕೇಳಬಹುದು. ಹಲ್ಲಿ ಬದುಕುವುದೇ ಕಣ್ಣಿನಿಂದ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಲೀನಾ ರಾತ್ ಮತ್ತು ಆಲ್ಮುಟ್ ಕೆಲ್ಬರ್ ಎಂಬ ಇಬ್ಬರು ಮಹಿಳೆಯರು ಆಫ್ರಿಕದ ಒಂದು ಜಾತಿಯ ಹಲ್ಲಿಯ ಮೇಲೆ ಪ್ರಯೋಗ ನಡೆಸಿ, ಮಸುಕಾದ ಬೆಳುದಿಂಗಳಿನಷ್ಟು ಬೆಳಕಿನಲ್ಲಿಯೂ ಅದು ಬಣ್ಣಗಳನ್ನು ಗುರುತಿಸಬಲ್ಲದೆಂದು 2004ರಲ್ಲಿ ಪ್ರಕಟಿಸಿದರು. ಅಂಥ ಬೆಳಕಿನಲ್ಲಿ ನಮಗೆ ಎಲ್ಲವೂ ಬೂದು. ಬಣ್ಣ ಕಾಣುವ ಕೊನೆಯ ಎಲ್ಲೆಯಲ್ಲಿ ಆ ಹಲ್ಲಿಯ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮವೆಂದು ಲೆಕ್ಕ ಹಾಕಿದ್ದಾರೆ. ಅಂಥ ಕುಲದ ಪ್ರಾಣಿಯು ದೀಪದ ಬುಡದಲ್ಲೇ ಪತಂಗವನ್ನು ತಪ್ಪಿಸಿಕೊಳ್ಳುತ್ತಿದ್ದುದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಆ ವಾರ ಪಕ್ಕದ ಮನೆಯ ಹಸುವನ್ನು ನೋಡಲು ಪಶುವೈದ್ಯರೊಬ್ಬರು ಬಂದಿದ್ದರು. ಅವರು ಕೈ ತೊಳೆದುಕೊಳ್ಳುತ್ತಿರುವಾಗ ಮೆಲ್ಲಗೆ ವಿಷಯ ತೆಗೆದೆ. ಅವರು ಮೊದಲು ನಕ್ಕರು. ಆಮೇಲೆ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿ, “ಇಷ್ಟು ಸಣ್ಣ ರೋಗಿ ನನ್ನ ಹತ್ತಿರ ಬಂದದ್ದು ಇದೇ ಮೊದಲು ಮಾರಾಯಾ” ಎಂದರು. ನಗು ನಿಂತ ಮೇಲೆ ಅವರು ಹೇಳಿದ ಮಾತುಗಳನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದನೆಯದು, ಚಿಮುಟ ಹಾಕಿ ಪೊರೆಯನ್ನು ಎಳೆಯಲೇಬಾರದು; ಎಳೆದರೆ ಕೆಳಗಿನ ಹೊಸ ಮುಚ್ಚಳವೂ ಕಿತ್ತು ಬಂದು ಕಣ್ಣೇ ಹೋಗುತ್ತದೆ. ಎರಡನೆಯದು, ಮನುಷ್ಯರ ಕಣ್ಣಿನ ಔಷಧಿಯನ್ನು ಅಂದಾಜಿನ ಮೇಲೆ ಹಾಕಬಾರದು. ಮೂರನೆಯದು, ತೇವ ಮತ್ತು ಬೆಚ್ಚಗಿನ ಜಾಗ ಕೊಟ್ಟು, ದಿನಕ್ಕೆರಡು ಸಲ ಶುದ್ಧವಾದ ಸಲೈನಿನ ಒಂದೊಂದು ಹನಿ ಬಿಟ್ಟು ಕಾಯಬೇಕು. ನಾಲ್ಕನೆಯದು, ವಾರ ಹತ್ತು ದಿನಕ್ಕಿಂತ ಹೆಚ್ಚು ಕೂಡಿಹಾಕಬಾರದು; ಅದು ಗೋಡೆಯ ಪ್ರಾಣಿ, ಗೋಡೆಗೇ ಹೋಗಬೇಕು. “ಪೊರೆಯ ಕೆಳಗೆ ಗಾಯವಿದ್ದರೆ ನಾನೂ ಏನೂ ಮಾಡಲಾರೆ, ನೀನೂ ಮಾಡಲಾರೆ” ಎಂದೂ ಸೇರಿಸಿದರು.

ರಾತ್ರಿ ರಟ್ಟಿನ ತುಂಡೊಂದನ್ನು ಜಾರಿಸಿ ಹಲ್ಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿದೆ. ಡಬ್ಬಿಯ ಮುಚ್ಚಳಕ್ಕೆ ತೂತು, ಒಳಗೆ ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆ, ಅಡಗಿಕೊಳ್ಳುವುದಕ್ಕೆ ಒಂದು ಹೆಂಚಿನ ಚೂರು. ಒಲೆಯ ಆಚೆಬದಿಯ ಗೋಡೆ ಸದಾ ಬೆಚ್ಚಗಿರುವುದರಿಂದ ಡಬ್ಬಿಯನ್ನು ಅಲ್ಲಿ ಇಡಬೇಕೆಂದೆ. ಅಮ್ಮ ಒಪ್ಪಲಿಲ್ಲ.

“ಅಡುಗೆಮನೆ ಹತ್ರ ಹಲ್ಲಿ ಇಡ್ತ್ಯಾ? ಬಿ.ಎ. ಕಲ್ತದ್ದು ಇದಕ್ಕಾ?” ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಅಜ್ಜಿ. “ಇರ್ಲಿ ಬಿಡು. ಮನೇಲಿ ಹುಟ್ಟಿದ್ದು ಮನೇಲೇ ಕಣ್ಣ್ ಕಳ್ಕೊಂಡ್ರೆ ಒಳ್ಳೇದಲ್ಲ” ಎಂದರು. ಕೊನೆಗೆ ಡಬ್ಬಿಗೆ ಆ ಗೋಡೆಯ ಹೊರಬದಿಯ ಗೂಡಿನಲ್ಲಿ ಜಾಗ ಸಿಕ್ಕಿತು. ಗೋಡೆ ಬೆಚ್ಚಗೂ ಇತ್ತು, ಅಮ್ಮನಿಗೆ ಕಾಣುತ್ತಲೂ ಇರಲಿಲ್ಲ.

ಶುಶ್ರೂಷೆ ಎಂಬ ಪದ ದೊಡ್ಡದು, ಕೆಲಸ ಬಹಳ ಸಣ್ಣದು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಒಂದು ಹನಿ, ರಾತ್ರಿ ಒಂದು ಹನಿ. ಹನಿಯನ್ನು ಕಣ್ಣಿಗೆ ನೇರವಾಗಿ ಬಿಟ್ಟರೆ ಹಲ್ಲಿ ಗಾಬರಿಯಿಂದ ಡಬ್ಬಿಯ ಗೋಡೆಗೆ ಬಡಿದುಕೊಳ್ಳುತ್ತದೆ. ತಲೆಯ ಮೇಲೆ ಬಿಟ್ಟರೆ ತಾನಾಗಿ ಇಳಿದು ಕಣ್ಣಿಗೆ ಬರುತ್ತದೆ. ಆಗ ಅದು ನಾಲಗೆ ಚಾಚಿ ತಾನೇ ಹರಡಿಕೊಳ್ಳುತ್ತದೆ. ಕೈ ನಡುಗಬಾರದು, ನೆರಳು ಬೀಳಬಾರದು, ಉಸಿರು ಅದರ ಮೇಲೆ ಹಾಯಬಾರದು. ಮೊದಲ ಮೂರು ದಿನ ಅದು ಏನನ್ನೂ ತಿನ್ನಲಿಲ್ಲ. ದೀಪದ ಕೆಳಗೆ ಹಿಡಿದು ಹಾಕಿದ ಹುಳುಗಳು ಅದರ ಬೆನ್ನ ಮೇಲೆಯೇ ನಡೆದಾಡುತ್ತಿದ್ದವು. ನಾಲ್ಕನೆಯ ರಾತ್ರಿ ಒಂದು ಪತಂಗವನ್ನು ಬಲಗಣ್ಣಿನ ಕಡೆಯಿಂದ ಬಿಟ್ಟು ನೋಡಿದೆ. ತಲೆ ಓರೆ ಮಾಡಿ ಬಹಳ ಹೊತ್ತು ಅಳೆದು, ಫಕ್ಕನೆ ಹಿಡಿಯಿತು. ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದ ದಿನವೂ ಅಷ್ಟು ಸಂತೋಷವಾಗಿರಲಿಲ್ಲವೆಂದರೆ ಅದು ಅತಿಶಯೋಕ್ತಿಯಲ್ಲ.

ಐದನೆಯ ದಿನ ಅಪ್ಪ ಕಡಲಿನಿಂದ ಬಂದರು. ಓಣಿಯ ಮಕ್ಕಳು ಅಷ್ಟರಲ್ಲಿ ನನಗೆ ‘ಹಲ್ಲಿ ಡಾಕ್ಟ್ರು’ ಎಂದು ಹೆಸರಿಟ್ಟಾಗಿತ್ತು. ಅಪ್ಪನ ಕಿವಿಗೂ ಬಿತ್ತು. ಬೈಯುವರೆಂದುಕೊಂಡಿದ್ದೆ. ಅವರು ಡಬ್ಬಿಯನ್ನು ಎತ್ತಿ ನೋಡಿ, ಬೀಡಿ ಹಚ್ಚಿಕೊಂಡು, ಬಲೆಗೆ ಬಿದ್ದ ಕಡಲಾಮೆಯೊಂದರ ಕಥೆ ಹೇಳಿದರು. ಕೈಕಾಲಿಗೆ ಬಲೆಯ ನೂಲು ಸುತ್ತಿಕೊಂಡಿತ್ತಂತೆ. ಕಣ್ಣಿನಿಂದ ಧಾರೆಯಾಗಿ ನೀರು ಸುರಿಯುತ್ತಿತ್ತಂತೆ. ಒಬ್ಬ ಚಿಕ್ಕ ಹುಡುಗ ಅದನ್ನು ನೋಡಿ ತಾನೂ ಅತ್ತುಬಿಟ್ಟನಂತೆ. ಕಡಲಾಮೆಯ ಕಣ್ಣೀರು ದುಃಖದ್ದಲ್ಲ; ಉಪ್ಪುನೀರಿನಲ್ಲಿ ಬದುಕುವ ಅದು ಮೈಯಲ್ಲಿ ಹೆಚ್ಚಾದ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ ಎಂದು ನಾನು ಪುಸ್ತಕದ ಮಾತನ್ನು ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, “ಇರಬಹುದು. ನಾವು ಮಾತ್ರ ಬಲೆ ಕೊಯ್ದು ಬಿಟ್ಟೆವು” ಎಂದರು. ಬಲೆಯ ಬೆಲೆ ಏನೆಂದು ಬಲ್ಲ ಮನೆಯಲ್ಲಿ ಆ ಮಾತಿನ ತೂಕ ನನಗೆ ಚೆನ್ನಾಗಿ ಗೊತ್ತು.

ಏಳನೆಯ ದಿನ ಬೆಳಿಗ್ಗೆ ಒದ್ದೆ ಬಟ್ಟೆಯ ಮೇಲೆ ಮೀನಿನ ಹುರುಪೆಗಿಂತ ಸಣ್ಣದಾದ, ಬಿಳಿಯ, ಬಟ್ಟಲಿನಂಥ ಚೂರೊಂದು ಬಿದ್ದಿತ್ತು. ಎಡಗಣ್ಣಿನಲ್ಲಿ ಸೂಜಿಯಿಂದ ಗೀಚಿದಂತೆ ಕಪ್ಪು ಗೆರೆಯ ಪಾಪೆ ಕಾಣುತ್ತಿತ್ತು. ಪೂರ್ತಿ ಗುಣವಾಯಿತೆಂದು ಹೇಳಲಾರೆ. ಪಾಪೆಯ ಕೆಳಗಂಚಿನಲ್ಲಿ ಹಾಲಿನ ಹನಿಯಂಥ ಮಬ್ಬು ಉಳಿದಿತ್ತು. ಹಳೆಯ ತರಚುಗಾಯವಿರಬೇಕೆಂದು ವೈದ್ಯರು ಹೇಳಿದರು. ಎಂಟನೆಯ ರಾತ್ರಿ ಅದನ್ನು ಕ್ಯಾಲೆಂಡರಿನ ಹಿಂದೆ ಬಿಟ್ಟೆ. ಮೊದಲಿನಷ್ಟು ಚುರುಕಿಲ್ಲ, ಆದರೆ ಹತ್ತಕ್ಕೆ ಆರು ಸಲ ಬೇಟೆ ಸಿಗುತ್ತಿತ್ತು. ಹಲ್ಲಿಯ ಸಂಸಾರಕ್ಕೆ ಅಷ್ಟು ಸಾಕು.

ಹಲ್ಲಿಯ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಆ ಎಂಟು ದಿನವೂ ಅಜ್ಜಿ ಬೆಳಿಗ್ಗೆ ಎದ್ದವರೇ, “ಪೊರೆ ಬಿಡ್ತಾ ತಮಾ?” ಎಂದು ಕೇಳುತ್ತಿದ್ದರು. ಡಬ್ಬಿಯನ್ನು ಅವರ ಮುಖದ ಹತ್ತಿರ ಹಿಡಿದರೆ, “ಯಾವ ಬದಿಗಿದೆ ಅದು?” ಎನ್ನುತ್ತಿದ್ದರು. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆ ಎಂದರೆ ಅವರು ಆ ಮಾತನ್ನೇ ಬೇರೆ ಕಡೆಗೆ ತಿರುಗಿಸುತ್ತಿದ್ದರು. ಈಗಂತೂ ಅವರಿಗೆ ದೊಡ್ಡ ಆಧಾರವೊಂದು ಸಿಕ್ಕಿತು. “ಹಲ್ಲಿದು ತಾನಾಗಿ ಬಿದ್ದೋಯ್ತಲ್ಲ. ನನ್ನದೂ ಬೀಳ್ತದೆ. ನೀನೇ ದಿನಾ ಒಂದು ಹನಿ ಹಾಕು” ಎಂದರು. ಹಲ್ಲಿಗೆ ಮಾಡಿದ ಉಪಕಾರ ಹೀಗೆ ಅಜ್ಜಿಯ ಕಣ್ಣಿಗೆ ಅಡ್ಡವಾಗಿ ಬಂದು ನಿಂತಿತು.

ಇದಕ್ಕೆ ಕಾರಣ ನಮ್ಮ ಭಾಷೆಯಲ್ಲಿಯೂ ಇದೆ. ಹಾವು, ಹಲ್ಲಿಗಳು ಬಿಡುವ ಚರ್ಮಕ್ಕೂ ಪೊರೆ ಎನ್ನುತ್ತೇವೆ. ಮುದುಕರ ಕಣ್ಣಿಗೆ ಬರುವ ಮಬ್ಬಿಗೂ ಪೊರೆ ಎನ್ನುತ್ತೇವೆ. ಹೆಸರು ಒಂದಾದರೂ ಇವೆರಡಕ್ಕೆ ಸಂಬಂಧವಿಲ್ಲ. ಮನುಷ್ಯನಿಗೆ ಬರುವುದು ಮೇಲೆ ಅಂಟಿಕೊಂಡ ಪದರವಲ್ಲ. ಕಣ್ಣಿನ ಒಳಗಿರುವ ಮಸೂರವೇ, ತಿಳಿಯಾದ ಗಂಜಿ ಆರಿ ಕೆನೆಗಟ್ಟಿದಂತೆ, ವಯಸ್ಸಾಗುತ್ತ ಮಬ್ಬಾಗುವುದು. ಯಾವ ಹನಿಯೂ ಅದನ್ನು ಕರಗಿಸದು. ಆ ಮಸೂರವನ್ನು ತೆಗೆಯುವುದೊಂದೇ ದಾರಿ. ಇದನ್ನು ಅಜ್ಜಿಗೆ ತಿಳಿಸಿ ಹೇಳಲು ನಾನು ಎರಡು ರಾತ್ರಿ ಕುಳಿತೆ. ಆಗ ಅವರ ಹೆದರಿಕೆಯ ಬೇರು ಹೊರಗೆ ಬಂತು. ಅವರ ಚಿಕ್ಕಂದಿನಲ್ಲಿ ನೆಂಟರೊಬ್ಬರು ಕಣ್ಣಿನ ಶಿಬಿರಕ್ಕೆ ಹೋಗಿ ಬಂದಿದ್ದರಂತೆ. ಆಮೇಲೆ ಸಾಯುವವರೆಗೂ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಕನ್ನಡಕ ತೆಗೆದರೆ ಮುಂದಿದ್ದವರು ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲವಂತೆ. “ಅಂಥ ಕಣ್ಣಿಗಿಂತ ಈ ಮಬ್ಬೇ ಸಾಕು” ಎಂಬುದು ಅಜ್ಜಿಯ ತೀರ್ಮಾನ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಶಿಬಿರ ನಡೆಸಿ ಬಡವರಿಗೆ ಉಚಿತವಾಗಿ ಪೊರೆ ತೆಗೆದು ಕೀರ್ತಿವಂತರಾದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2005ರಲ್ಲಿ ಅವರು ತೀರಿಕೊಂಡರು. ಅವರಂಥವರಿಂದ ದೃಷ್ಟಿ ಪಡೆದವರು ಅಸಂಖ್ಯರು. ಆದರೆ ಆಗಿನ ಪದ್ಧತಿಯಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಅದರ ಜಾಗಕ್ಕೆ ಬೇರೊಂದನ್ನು ಇಡುವುದು ಸಾಮಾನ್ಯವಾಗಿ ಇರಲಿಲ್ಲ. ಒಳಗಿನ ಮಸೂರದ ಕೆಲಸವನ್ನು ಹೊರಗಿನ ದಪ್ಪ ಗಾಜು ಮಾಡಬೇಕಾಗಿತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು 1949ರಲ್ಲಿ ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ಅದಕ್ಕೆ ದಾರಿ ತೋರಿಸಿದ್ದು ಎರಡನೆಯ ಮಹಾಯುದ್ಧ. ವಿಮಾನದ ಮುಚ್ಚಳ ಒಡೆದು ಅದರ ಪ್ಲಾಸ್ಟಿಕ್ಕಿನ ಚೂರು ಕಣ್ಣಿಗೆ ಹೊಕ್ಕ ಯೋಧರನ್ನು ಅವರು ನೋಡಿದ್ದರು. ಆ ಚೂರುಗಳು ಕಣ್ಣಿನೊಳಗೇ ಉಳಿದರೂ ಕೀವಾಗದೆ, ಊದದೆ ಸುಮ್ಮನಿದ್ದುದನ್ನು ಗಮನಿಸಿ, ಅಂಥದೇ ವಸ್ತುವಿನಿಂದ ಮಸೂರ ಮಾಡಿದರೆ ಕಣ್ಣು ಒಪ್ಪಿಕೊಳ್ಳುವುದೆಂದು ಊಹಿಸಿದರು. ಆ ಊಹೆಯ ಫಲ ಈಗ ನಮ್ಮ ತಾಲೂಕಿನ ಬಡವನ ಕಣ್ಣಿಗೂ ಬಂದಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಈ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತದೆ.

ಇದನ್ನೆಲ್ಲ ಅಜ್ಜಿ ಕುತೂಹಲದಿಂದ ಕೇಳಿದರು. ವಿಮಾನದ ಚೂರಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಆದರೆ ಒಪ್ಪಲಿಲ್ಲ. “ಮಳೆಗಾಲ ಕಳೀಲಿ” ಎಂದರು. ಓದಿದ ವಿದ್ಯೆ ಒಂದು ಮಿತಿಯವರೆಗೆ ನಡೆಯುತ್ತದೆ, ಅಲ್ಲಿಂದಾಚೆಗೆ ಬೇರೆ ಯಾವುದೋ ಬೇಕು ಎಂಬುದು ನನಗೆ ಅಂದು ತಿಳಿಯಿತು.

ಆ ಬೇರೆ ಯಾವುದೋ ಬಂದದ್ದು ಮೀನಿನ ರೂಪದಲ್ಲಿ. ಮೀನು ತಾಜಾ ಹೌದೋ ಅಲ್ಲವೋ ಎಂದು ಕಂಡುಹಿಡಿಯಲು ನಮ್ಮವರು ಮೊದಲು ನೋಡುವುದು ಅದರ ಕಣ್ಣನ್ನು. ಅಂದಿನ ಮೀನಿನ ಕಣ್ಣು ಉಬ್ಬಿ, ತಿಳಿಯಾಗಿ, ಹೊಳೆಯುತ್ತಿರುತ್ತದೆ. ಹಳತಾದಂತೆ ಕಣ್ಣು ಒಳಗೆ ಸೇರಿ ಬೆಳ್ಳಗಾಗುತ್ತದೆ. ಆಮೇಲೆ ಕಿವಿರಿನ ಕೆಂಪು, ಮೈಯ ಬಿಗಿ. ಈ ವಿದ್ಯೆಯಲ್ಲಿ ಅಜ್ಜಿಯನ್ನು ಮೀರಿಸಿದವರು ಬಂದರಿನಲ್ಲಿ ಇರಲಿಲ್ಲ. ಬೇರೆ ಹೆಂಗಸರು ತಮ್ಮ ಬುಟ್ಟಿಯನ್ನು ತಂದು ಅವರಿಗೆ ತೋರಿಸಿ ಹೋಗುತ್ತಿದ್ದ ಕಾಲವೊಂದಿತ್ತು. ದೃಷ್ಟಿ ಮಂದವಾದ ಮೇಲೂ ಅವರು ಮುಟ್ಟಿ, ಮೂಸಿ ವ್ಯಾಪಾರ ನಡೆಸುತ್ತಿದ್ದರು. ಫೆಬ್ರವರಿಯಲ್ಲಿ ಒಂದು ದಿನ ಯಾರೋ ತಾಜಾ ಬಂಗಡೆಯ ಕೆಳಗೆ ಎರಡು ದಿನದ ಬಂಗಡೆಯನ್ನು ಸೇರಿಸಿ ಕೊಟ್ಟರು. ಇಪ್ಪತ್ತು ವರ್ಷದಿಂದ ಅಜ್ಜಿಯ ಹತ್ತಿರವೇ ಮೀನು ಕೊಳ್ಳುತ್ತಿದ್ದ ಮನೆಯವರು ಅದನ್ನು ಹಿಂದಕ್ಕೆ ಕೊಟ್ಟರು. ಒಂದು ಮಾತನ್ನೂ ಆಡದೆ, ಬಹಳ ಮರ್ಯಾದೆಯಿಂದ ಕೊಟ್ಟರು. ಬೈದಿದ್ದರೆ ಅಜ್ಜಿ ತಿರುಗಿ ಬೈದು ಮರೆಯುತ್ತಿದ್ದರು. ಅಂದು ಮನೆಗೆ ಬಂದು ಬುಟ್ಟಿಯನ್ನು ತೊಳೆದು ಕವುಚಿಟ್ಟರು. ಮರುದಿನ ಬಂದರಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ನಾಲ್ಕನೆಯ ದಿನ ರಾತ್ರಿ ನಾನು ಓದುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತು, “ಅದು ಈಗ ಹುಳ ಹಿಡೀತದಾ?” ಎಂದು ಕೇಳಿದರು.

“ಹಿಡೀತದೆ ಅಜ್ಜಿ. ಕೆಲವು ಸಲ ತಪ್ಪುತ್ತದೆ.”

“ಒಂದು ಕಣ್ಣ್ ಸರಿ ಇದ್ರೂ ಹೊಟ್ಟೆ ನಡೀತದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಯಾವತ್ತು ಅಂತ ಕೇಳು” ಎಂದರು.

ಏಪ್ರಿಲಿನಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿ ಒಳಗೆ ಕರೆದುಕೊಂಡು ಹೋದವರು ಅರ್ಧ ಗಂಟೆಯೊಳಗೆ ಹೊರಗೆ ತಂದರು. ಆಮೇಲಿನ ವಾರಗಳಲ್ಲಿ ಕಣ್ಣಿಗೆ ನೀರು ತಾಗಿಸಬಾರದು, ಒಲೆಯ ಹೊಗೆಗೆ ಹೋಗಬಾರದು, ಹೊತ್ತು ಹೊತ್ತಿಗೆ ಔಷಧಿಯ ಹನಿ ಬೀಳಬೇಕು. ಹನಿ ಹಾಕುವ ಕೆಲಸ ನನ್ನದು. ಹಲ್ಲಿಯ ಪುಣ್ಯದಿಂದ ಕೈ ಪಳಗಿತ್ತು. ಅಜ್ಜಿ ಅಂಗಾತ ಮಲಗಿ, “ಹಲ್ಲಿ ಡಾಕ್ಟ್ರೇ, ನನ್ನ 'ಲೊಚ ಲೊಚ' ಅನ್ಸಬೇಡಿ” ಎಂದು ನಗುತ್ತಿದ್ದರು. ಕಟ್ಟು ಬಿಚ್ಚಿದ ದಿನ ಅವರು ಆಡಿದ ಮೊದಲ ಮಾತು, “ನೀ ಇಷ್ಟ್ ಕಪ್ಪಾದದ್ದು ಯಾವಾಗ?” ಎಂಬುದು. ಗೋಡೆಯ ಮೇಲಿನ ಬಣ್ಣವನ್ನು ನೋಡಿ ಹೊಸದಾಗಿ ಹೊಡೆದದ್ದೋ ಎಂದು ಕೇಳಿದರು. ಪೊರೆ ಕಟ್ಟಿದ ಮಸೂರ ಲೋಕಕ್ಕೆಲ್ಲ ಹಳದಿ ಬಳಿಯುತ್ತದೆ; ಅದು ಹೋದೊಡನೆ ನೀಲಿಯೂ ಬಿಳುಪೂ ತಿರುಗಿ ಬರುತ್ತವೆ. ಅಂದು ಸಂಜೆ ಅವರು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಕಡಲಿನ ಕಡೆಗೇ ನೋಡುತ್ತಿದ್ದರು.

ಹಳಗನ್ನಡದ ಪಾಠ ಓದಿದವರಿಗೆ ‘ಪೊರೆ’ ಎಂಬುದಕ್ಕೆ ಮೂರನೆಯ ಅರ್ಥವೊಂದು ಗೊತ್ತಿದೆ. ಪೊರೆ ಎಂದರೆ ಸಲಹು, ಕಾಪಾಡು. ಕಳಚಬೇಕಾದ ಚರ್ಮಕ್ಕೂ, ಕಣ್ಣು ಕವಿಯುವ ಮಬ್ಬಿಗೂ, ಕಾಪಾಡುವ ಕೆಲಸಕ್ಕೂ ಒಂದೇ ಶಬ್ದ ಹೇಗೆ ಬಂತೋ ಭಾಷಾಶಾಸ್ತ್ರಜ್ಞರು ಹೇಳಲಿ. ನನ್ನ ಅನುಭವದಲ್ಲಿ ಮಾತ್ರ ಈ ಮೂರೂ ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ ಬಂದು ಹೋದವು. ಪೊರೆಯುವುದೆಂದರೆ ಎಲ್ಲ ಕಡೆಯೂ ಒಂದೇ ಕೆಲಸವಲ್ಲವೆಂದು ಅದರಿಂದ ತಿಳಿದುಕೊಂಡೆ. ಹಲ್ಲಿಯ ವಿಷಯದಲ್ಲಿ ಅದು ಕೈ ಹಾಕದೆ ಕಾಯುವುದಾಗಿತ್ತು. ಕಡಲಾಮೆಯ ವಿಷಯದಲ್ಲಿ ಬಲೆ ಕೊಯ್ಯುವುದಾಗಿತ್ತು. ಅಜ್ಜಿಯ ವಿಷಯದಲ್ಲಿ ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದು, ಅದಕ್ಕೂ ಮೊದಲು ಅವರ ಹೆದರಿಕೆ ಏನೆಂದು ಕೂತು ಕೇಳುವುದಾಗಿತ್ತು. ಯಾರಿಗೆ ಯಾವುದು ಬೇಕೆಂದು ತಿಳಿಯಲು ಹತ್ತಿರ ಹೋಗಿ ನೋಡಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಬಿ.ಎ. ಕಲಿತದ್ದು ಇದಕ್ಕಾ ಎಂದು ಅಮ್ಮ ಕೇಳಿದ ಪ್ರಶ್ನೆ ನನ್ನಲ್ಲಿ ಇನ್ನೂ ಉಳಿದಿದೆ. ಈ ವರ್ಷ ಕಾಲೇಜನ್ನು ಬಿಟ್ಟು ಹೊರಗೆ ಹೋಗುವ ನಮ್ಮಲ್ಲಿ ಅನೇಕರಿಗೆ ಇದೇ ಪ್ರಶ್ನೆ ಬೇರೆ ಬೇರೆ ಬಾಯಿಗಳಿಂದ ಬರಲಿದೆ. ನೌಕರಿ ಸಿಕ್ಕೀತು, ಸಿಗದೆಯೂ ಹೋದೀತು. ಪಶುವೈದ್ಯರ ಮಾತನ್ನು ಬರೆದುಕೊಂಡು ನಡೆಸುವುದಕ್ಕೂ, ರಿಡ್ಲೆಯವರ ಕಥೆಯನ್ನು ಅಜ್ಜಿಯ ಮಾತಿನಲ್ಲಿ ಹೇಳುವುದಕ್ಕೂ, ಆಸ್ಪತ್ರೆಯ ಫಾರಮನ್ನು ತುಂಬಿ ಸಹಿಯ ಜಾಗದಲ್ಲಿ ಅಜ್ಜಿಯ ಹೆಬ್ಬೆಟ್ಟನ್ನು ಹಿಡಿದು ಒತ್ತಿಸುವುದಕ್ಕೂ ಈ ಮೂರು ವರ್ಷದ ವಿದ್ಯೆ ನನಗೆ ಬೇಕಾಯಿತು. ಇದು ಅಮ್ಮನಿಗೆ ಪೂರ್ತಿ ಉತ್ತರವಲ್ಲ, ಅರ್ಧವಾದರೂ ಹೌದು.

ಎಡಗಣ್ಣಿನ ಶಸ್ತ್ರಚಿಕಿತ್ಸೆ ಇನ್ನೂ ಬಾಕಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅಪ್ಪ ಮನೆಯಲ್ಲಿರುತ್ತಾರೆ. ಆಗ ಮಾಡಿಸೋಣವೆಂದು ಅಜ್ಜಿಯೇ ಹೇಳಿದ್ದಾರೆ. ಸದ್ಯಕ್ಕೆ ಅವರು ಮತ್ತೆ ಬಂದರಿಗೆ ಹೋಗುತ್ತಿದ್ದಾರೆ. ಭಾರದ ಬುಟ್ಟಿಯನ್ನು ಹೊರುವಂತಿಲ್ಲವಾದ್ದರಿಂದ ಅದನ್ನು ಅಮ್ಮ ಹೊರುತ್ತಾರೆ. ಮೀನನ್ನು ಎತ್ತಿ ಕಣ್ಣು ನೋಡಿ ‘ಇದು ಬೇಡ, ಅದು ಕೊಡು’ ಎನ್ನುವವರು ಅಜ್ಜಿಯೇ.